ಸರ್ನೋಕ್ ಪೆಟ್ಟಿಗೆಯ ನಕ್ಷತ್ರದವರಿಗೆ ಒಂದು ಬಹಿರಂಗ ಪತ್ರ

ಇವರಿಂದ: ಸರ್ವೆ ನಂಬರ್ ಬಾಯಿಪಾಠವಿರುವ, ಹಿಸ್ಸಾ ನಂಬರ್ ಮಾತ್ರ ಪ್ರತಿ ಸಲವೂ ಮರೆಯುವ ಒಬ್ಬ ಸಣ್ಣ ಹಿಡುವಳಿದಾರ.

ಇವರಿಗೆ: ಶ್ರೀಯುತ ನಕ್ಷತ್ರ ಚಿಹ್ನೆಯವರು, ಸರ್ನೋಕ್ ಪೆಟ್ಟಿಗೆ, ಸರ್ವೆ ನಂಬರಿಗೂ ಹಿಸ್ಸಾ ನಂಬರಿಗೂ ನಡುವೆ, ಕಂದಾಯ ಇಲಾಖೆ ಜಾಲತಾಣದ ಪಹಣಿ ವೀಕ್ಷಣೆ ಪುಟ.

ವಿಷಯ: ತಾವು ದಯಮಾಡಿ ಬೇರೊಂದು ಇಲಾಖೆಗೆ ವರ್ಗಾವಣೆ ಮಾಡಿಸಿಕೊಳ್ಳುವ ಬಗ್ಗೆ.

ಉಲ್ಲೇಖ: ಇದೇ ವಿಷಯಕ್ಕೆ ಸಂಬಂಧಿಸಿದ ಹಿಂದಿನ ಪತ್ರ. (ಹಿಂದಿನ ಪತ್ರ ಯಾವುದೂ ಇಲ್ಲ. ಉಲ್ಲೇಖವಿಲ್ಲದ ಪತ್ರಕ್ಕೆ ಕಳೆ ಇರುವುದಿಲ್ಲವೆಂದು ತಿಳಿದವರು ಹೇಳಿದರು.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ರಾಜ್ಯದಲ್ಲಿ ಅಂಗೈಯಗಲ ಜಮೀನು ಇರುವವರೆಲ್ಲ ಒಂದಲ್ಲ ಒಂದು ದಿನ ತಮ್ಮನ್ನು ಮುಟ್ಟಿಯೇ ಮುಂದೆ ಹೋಗಿದ್ದಾರೆ. ಜಿಲ್ಲೆ ಆರಿಸು, ತಾಲ್ಲೂಕು ಆರಿಸು, ಹೋಬಳಿ ಆರಿಸು, ಗ್ರಾಮ ಆರಿಸು, ಸರ್ವೆ ನಂಬರ್ ಬರೆ, ಆಮೇಲೆ ತಾವು. ಪೆಟ್ಟಿಗೆ ತೆರೆದರೆ ಬಹುಪಾಲು ಸಲ ಅಲ್ಲಿ ಇರುವುದು ತಾವೊಬ್ಬರೇ, ಒಂದು ಒಂಟಿ ನಕ್ಷತ್ರ. ಆರಿಸಲು ಬೇರೆ ಯಾರೂ ಇಲ್ಲದಿದ್ದರೂ ತಮ್ಮನ್ನೇ ಆರಿಸಬೇಕು. ಅವಿರೋಧ ಆಯ್ಕೆ ಎಂದರೆ ಇದು. ತಾವು ಅಲ್ಲಿ ಕೂತು ಏನು ಮಾಡುತ್ತೀರಿ ಎಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವೆಂದು ಕೇಳಿದವರೂ ಇಲ್ಲ. ದೇವಸ್ಥಾನದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುವವರು ಹೊಸ್ತಿಲಿಗೆ ಕೆಲಸವೇನು ಎಂದು ಕೇಳುತ್ತಾರೆಯೇ?

ಸರ್ಕಾರಗಳು ಬಂದವು, ಹೋದವು. ತಹಶೀಲ್ದಾರರು ವರ್ಷಕ್ಕೊಬ್ಬರಂತೆ ಬದಲಾದರು. ಗ್ರಾಮ ಲೆಕ್ಕಿಗರು ಗ್ರಾಮ ಆಡಳಿತ ಅಧಿಕಾರಿಗಳಾದರು. ತಾವು ಮಾತ್ರ ಅದೇ ಜಾಗದಲ್ಲಿ, ಅದೇ ಹುದ್ದೆಯಲ್ಲಿ, ಬಡ್ತಿಯೂ ಇಲ್ಲದೆ ಹಿಂಬಡ್ತಿಯೂ ಇಲ್ಲದೆ ಸೇವೆ ಸಲ್ಲಿಸುತ್ತಿದ್ದೀರಿ. ಆದಕಾರಣ ಈ ರಾಜ್ಯದ ಕಂದಾಯ ದಾಖಲೆಗಳ ಬಗ್ಗೆ ತಮಗಿರುವಷ್ಟು ಅನುಭವ ಇನ್ನಾರಿಗೂ ಇರಲಾರದೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಕೃತಜ್ಞತೆ. ಇದರಲ್ಲಿ ವ್ಯಂಗ್ಯವಿಲ್ಲ, ದಯವಿಟ್ಟು ಹುಡುಕಬೇಡಿ. ತಾವು ಬರುವ ಮೊದಲು ನಮ್ಮ ಹೊಲ ಯಾರದೆಂದು ನಮಗೆ ಗೊತ್ತಿತ್ತು. ಆದರೆ ಅದು ಕಾಗದದಲ್ಲಿ ಯಾರದಾಗಿದೆ ಎಂಬುದು ಗ್ರಾಮ ಲೆಕ್ಕಿಗರಿಗೆ ಮಾತ್ರ ಗೊತ್ತಿತ್ತು. ಶಾನುಭೋಗಿಕೆ 1960ರ ದಶಕದಲ್ಲಿ ರದ್ದಾದರೂ ಶಾನುಭೋಗರ ಕೈಚೀಲ ರದ್ದಾಗಿರಲಿಲ್ಲ. ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಸುಪರ್ದಿಯಲ್ಲಿ ಇಡೀ ರಾಜ್ಯದ ಪಹಣಿಗಳು ಕೈಬರಹದಲ್ಲಿದ್ದವು. ಒಂದು ನಕಲಿಗಾಗಿ ಅವರು ಯಾವ ಊರಿನಲ್ಲಿದ್ದಾರೆಂದು ವಿಚಾರಿಸಿಕೊಂಡು ಹೋಗಬೇಕಿತ್ತು. ಹೋದಾಗ ಬರಿಗೈಲಿ ಹೋಗುವಂತಿರಲಿಲ್ಲ. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ ಭೂಮಿ ಯೋಜನೆ ಬಂದು, 2 ಕೋಟಿಯಷ್ಟು ಪಹಣಿಗಳು, ಸುಮಾರು 67 ಲಕ್ಷ ಹಿಡುವಳಿದಾರರ ಹೆಸರುಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂತು. ಕೈಬರಹದ ಪಹಣಿ ಇನ್ನು ಚಲಾವಣೆಯಿಲ್ಲವೆಂದು ಸಾರಿದರು. ಖಾತೆ ಬದಲಾವಣೆಯ ಅರ್ಜಿಗೆ ಸರದಿ ಬಂತು, ಮೊದಲು ಬಂದವನದು ಮೊದಲು. ತಿದ್ದುವ ಅಧಿಕಾರಿ ತನ್ನ ಬೆರಳ ಗುರುತು ಕೊಟ್ಟೇ ಕಂಪ್ಯೂಟರ್ ತೆರೆಯಬೇಕಾಯಿತು. ಹೆಬ್ಬೆಟ್ಟು ಒತ್ತುವುದು ರೈತರ ಪಾಲಿಗಷ್ಟೇ ಎಂದುಕೊಂಡಿದ್ದ ನಮ್ಮಪ್ಪನ ಕಾಲದವರಿಗೆ ಇದೊಂದು ಸಂಭ್ರಮದ ಸುದ್ದಿ.

ಈಗಂತೂ ಕಿಟಕಿಗೂ ಹೋಗಬೇಕಾಗಿಲ್ಲ. ಹೊಲದ ಬದುವಿನ ಮೇಲೆ ಕೂತು ತಮ್ಮನ್ನು ಮುಟ್ಟಿದರೆ ಸಾಕು. ಅಧಿಕೃತ ಪ್ರತಿ ಬೇಕಿದ್ದರೆ ಹಣ. ಸುಮ್ಮನೆ ನೋಡುವುದಕ್ಕೆ ಹಣವೂ ಇಲ್ಲ.

ಏನೆಲ್ಲ ಕಾಣುತ್ತದೆ! ಒಂಬತ್ತನೇ ಕಾಲಮ್ಮಿನಲ್ಲಿ ನನ್ನ ಹೆಸರು, ನನ್ನ ತಂದೆಯ ಹೆಸರು. ಹತ್ತರಲ್ಲಿ ಆ ಜಮೀನು ನನಗೆ ಹೇಗೆ ಬಂತು ಎಂಬ ಕಥೆ: ಪೌತಿಯೋ, ಕ್ರಯವೋ, ಪಾಲೋ, ದಾನವೋ. ಹನ್ನೊಂದರಲ್ಲಿ ನನ್ನ ಸಾಲ, ಯಾವ ಬ್ಯಾಂಕು, ಎಷ್ಟು ಎಂಬುದರ ಸಮೇತ. ಹನ್ನೆರಡರಲ್ಲಿ ನಾನು ಏನು ಬೆಳೆದೆ, ಅಥವಾ ಬೆಳೆದೆನೆಂದು ಯಾರು ಬರೆದರು. ಎಷ್ಟು ಎಕರೆ, ಎಷ್ಟು ಗುಂಟೆ, ಅದರಲ್ಲಿ ಖರಾಬು ಎಷ್ಟು. ಇದನ್ನೆಲ್ಲ ನೋಡಲು ನೋಡುವವನು ನನ್ನ ಅಣ್ಣನಾಗಿರಬೇಕಿಲ್ಲ, ಸಾಲ ಕೊಟ್ಟವನಾಗಿರಬೇಕಿಲ್ಲ, ಯಾಕೆ ಬೇಕು ಎಂದು ಅರ್ಜಿ ಬರೆಯಬೇಕಿಲ್ಲ. ನಮ್ಮ ಕಡೆ ಹೆಣ್ಣು ನೋಡಲು ಬರುವವರು ಈಗ ಉಪ್ಪಿಟ್ಟಿಗೆ ಮೊದಲೇ ಹನ್ನೊಂದನೇ ಕಾಲಮ್ಮು ನೋಡಿಕೊಂಡು ಬರುತ್ತಾರೆ. ಹುಡುಗನ ಕಡೆಯವರು ಜಾಸ್ತಿ ಎಕರೆ ಹೇಳಿದ್ದರೆ ಹುಡುಗಿಯ ಸೋದರಮಾವ ಮೊಬೈಲು ತೆಗೆದು ತಮ್ಮನ್ನು ಸಾಕ್ಷಿಗೆ ಕರೆಯುತ್ತಾನೆ. ತಾವು ಇಲ್ಲಿಯತನಕ ಸುಳ್ಳು ಹೇಳಿಲ್ಲ. ಹೇಳಿದ್ದರೂ ತಿದ್ದುಪಡಿಗೆ ಬೇರೆ ಅರ್ಜಿ ಇದೆ.

ಹೆಚ್ಚು ಉಪಕಾರವಾದದ್ದು ಬ್ರೋಕರುಗಳಿಗೆ. ಮೊದಲು ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ಊರ ಅರಳೀಕಟ್ಟೆಯಲ್ಲಿ ಕೂತು, ಕಾಫಿ ಕುಡಿಸಿ, ಯಾರಿಗೆ ಕಷ್ಟವಿದೆ, ಯಾರ ಮನೆಯಲ್ಲಿ ಪಾಲಿನ ಜಗಳವಿದೆ ಎಂದು ಬಾಯಿ ಬಿಡಿಸಬೇಕಿತ್ತು. ಈಗ ಹತ್ತು ಹನ್ನೊಂದನೇ ಕಾಲಮ್ಮುಗಳೇ ಬಾಯಿ ಬಿಡುತ್ತವೆ. ಸಾಲ ಎಲ್ಲಿದೆಯೋ ಅಲ್ಲಿಗೆ ಕಾರು ನೇರವಾಗಿ ಬರುತ್ತದೆ. ಇದು ನನ್ನೊಬ್ಬನ ಹೊಟ್ಟೆಕಿಚ್ಚಿನ ಮಾತಲ್ಲ. ಸಾಲೊಮನ್ ಬೆಂಜಮಿನ್ ಮತ್ತು ಅವರ ಜೊತೆಗಾರರು 2007ರಲ್ಲೇ ಭೂಮಿ ಯೋಜನೆಯ ಕುರಿತು ಒಂದು ಅಧ್ಯಯನ ಬರೆದರು. ಬೆಂಗಳೂರಿನ ಸುತ್ತ ಈ ಕಂಪ್ಯೂಟರೀಕರಣದಿಂದ ಅನುಕೂಲವಾದದ್ದು ಸಣ್ಣ ರೈತನಿಗಿಂತ ದೊಡ್ಡ ದೊಡ್ಡ ಭೂವ್ಯವಹಾರದವರಿಗೆ ಎಂಬುದು ಅವರ ವಾದ. ವಿಶ್ವಸಂಸ್ಥೆಯವರೂ ವಿಶ್ವಬ್ಯಾಂಕಿನವರೂ ಭೂಮಿ ಯೋಜನೆಯನ್ನು ಹೊಗಳುತ್ತಿದ್ದ ಕಾಲ ಅದು. ಇಂಥ ವಾದಕ್ಕೆ ಯಾರು ಕಿವಿಗೊಡುತ್ತಾರೆ? ನಾನೂ ಪೂರಾ ಒಪ್ಪುವುದಿಲ್ಲ. ಗ್ರಾಮ ಲೆಕ್ಕಿಗರ ಕೈಚೀಲದ ಕಾಲಕ್ಕೆ ಮರಳಿ ಹೋಗಲು ನಮ್ಮೂರಿನಲ್ಲಿ ಒಬ್ಬನೂ ತಯಾರಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ನನ್ನ ತಲೆಯಲ್ಲಿ ಉಳಿದಿದೆ: ಕಿಟಕಿ ತೆರೆದದ್ದು ಸರಿ, ಅದರ ಮುಂದೆ ನಿಂತು ನೋಡುತ್ತಿರುವವರು ಯಾರು, ಅವರು ನೋಡುತ್ತಿರುವುದು ಯಾರನ್ನು?

ಈಗ ವಿಷಯಕ್ಕೆ ಬರುತ್ತೇನೆ. ತಮ್ಮ ಕೃಪೆಯಿಂದ ನನ್ನನ್ನು ಇಡೀ ಲೋಕ ನೋಡಬಹುದು. ಅದೇ ಬೆರಳಿನಿಂದ ನಾನು ಸರ್ಕಾರವನ್ನು ನೋಡಲು ಹೊರಟಾಗ ತಾವು ಎಲ್ಲಿಯೂ ಕಾಣಿಸಲಿಲ್ಲ.

ಒಂದು ಚರಂಡಿಯನ್ನು ಊಹಿಸಿಕೊಳ್ಳಿ. ಯಾವ ಊರಿನದು ಎಂಬುದು ಬೇಡ, ಇಂಥ ಚರಂಡಿ ಇಲ್ಲದ ಊರು ಅಪರೂಪ. ಇಪ್ಪತ್ತು ಮಾರು ಉದ್ದ, ಒಂದು ಕಡೆ ಮಾತ್ರ ಗೋಡೆ, ನೀರು ಹರಿಯಬೇಕಾದ ದಿಕ್ಕು ಬಿಟ್ಟು ಇನ್ನೊಂದು ದಿಕ್ಕಿಗೆ ಇಳಿಜಾರು. ಇದಕ್ಕೆ ಎಷ್ಟು ಖರ್ಚಾಯಿತು, ಅಂದಾಜುಪಟ್ಟಿಯಲ್ಲಿ ಎಷ್ಟು ಉದ್ದ ಇತ್ತು, ಅಳತೆ ಪುಸ್ತಕದಲ್ಲಿ ಎಷ್ಟು ಉದ್ದ ಬರೆದರು, ಯಾವ ಸಭೆಯಲ್ಲಿ ಯಾರು ಅನುಮೋದಿಸಿದರು ಎಂದು ತಿಳಿಯುವ ಆಸೆ ಒಬ್ಬನಿಗೆ ಹುಟ್ಟಿತು ಎನ್ನಿ. ಇದು ನನ್ನ ಒಂಬತ್ತನೇ ಕಾಲಮ್ಮಿಗಿಂತ ಗುಟ್ಟಿನ ವಿಷಯವೇನೂ ಅಲ್ಲ. ಹಣ ಊರಿನದು, ಚರಂಡಿ ಊರಿನದು, ಸೊಳ್ಳೆಗಳೂ ಊರಿನವೇ.

ಮೊದಲು ಚರಂಡಿಯ ಮಾಲೀಕರನ್ನು ಹುಡುಕಬೇಕು. ಗ್ರಾಮ ಪಂಚಾಯಿತಿ ಮಾಡಿಸಿದ್ದಾದರೆ ಒಂದು ಜಾಲತಾಣ. ಜಿಲ್ಲಾ ಪಂಚಾಯಿತಿ ಎಂಜಿನಿಯರಿಂಗ್ ವಿಭಾಗದ್ದಾದರೆ ಇನ್ನೊಂದು. ಶಾಸಕರ ಅನುದಾನವಾದರೆ ಜಿಲ್ಲಾಧಿಕಾರಿ ಕಚೇರಿ. ನರೇಗಾದಲ್ಲಿ ಆಗಿದ್ದರೆ ಕೇಂದ್ರದ ಜಾಲತಾಣ. ಹದಿನೈದನೇ ಹಣಕಾಸು ಆಯೋಗದ ಹಣವಾದರೆ ಇ-ಗ್ರಾಮ ಸ್ವರಾಜ್. ಟೆಂಡರ್ ಕರೆದಿದ್ದರೆ ಖರೀದಿ ಪೋರ್ಟಲ್ಲು. ಟೆಂಡರ್ ಕರೆದದ್ದಂತೂ ಕಾಣುತ್ತದೆ, ಅದಕ್ಕೆ ಕಾನೂನೇ ಇದೆ, 1999ರದ್ದು. ಕೆಲಸ ಮುಗಿದಮೇಲೆ ಎಷ್ಟು ಮುಗಿಯಿತು ಎಂಬುದು ಸಿಗುವುದು ಅಪರೂಪ. ಮದುವೆಯ ಲಗ್ನಪತ್ರಿಕೆಯನ್ನು ಎಲ್ಲರಿಗೂ ಹಂಚುತ್ತೇವೆ, ಆಮೇಲಿನ ಸಂಸಾರದ ವಿಷಯ ಮನೆಯವರಿಗೆ ಬಿಟ್ಟದ್ದು ಎಂಬಂತೆ.

ಇನ್ನು ಚರಂಡಿ ಇರುವುದು ಎಲ್ಲಿ? ಇದು ಸುಲಭದ ಪ್ರಶ್ನೆ ಎಂದುಕೊಳ್ಳಬೇಡಿ. ಕಂದಾಯ ಇಲಾಖೆಯ ಲೆಕ್ಕದಲ್ಲಿ ನನ್ನ ಊರು ಒಂದು ಹೋಬಳಿಯೊಳಗೆ, ಒಂದು ವೃತ್ತದೊಳಗೆ ಇದೆ. ಪಂಚಾಯತ್ ರಾಜ್ ಇಲಾಖೆಗೆ ಹೋಬಳಿ ಎಂಬುದೇ ಗೊತ್ತಿಲ್ಲ. ಅದಕ್ಕೆ ಊರೆಂದರೆ ಗ್ರಾಮ ಪಂಚಾಯಿತಿ, ವಾರ್ಡು. ಒಂದು ಪಂಚಾಯಿತಿಯ ಊರುಗಳು ಎರಡು ಹೋಬಳಿಗೆ ಹರಿದು ಹಂಚಿಹೋಗಿರಬಹುದು. ನೋಂದಣಿ ಇಲಾಖೆ ಊರನ್ನು ಉಪನೋಂದಣಾಧಿಕಾರಿಯ ವ್ಯಾಪ್ತಿಯಿಂದ ಗುರುತಿಸುತ್ತದೆ. ಚುನಾವಣಾ ಆಯೋಗಕ್ಕೆ ನಾನು ಒಂದು ಭಾಗ ಸಂಖ್ಯೆ. ಪೊಲೀಸರಿಗೆ ಠಾಣೆ. ವಿದ್ಯುತ್ ಕಂಪನಿಗೆ ಆರ್‌ಆರ್ ನಂಬರ್. ಮನೆ ಒಂದೇ, ಅದರ ಜಮೀನಿಗೆ ಸರ್ವೆ ನಂಬರ್, ಕಟ್ಟಡಕ್ಕೆ ಇ-ಸ್ವತ್ತಿನ ನಂಬರ್, ನಮೂನೆ 9 ಬೇರೆ, ನಮೂನೆ 11 ಬೇರೆ, ಒಳಗೆ ಉಣ್ಣುವವರಿಗೆ ಪಡಿತರ ಚೀಟಿಯ ನಂಬರ್. ಒಂದೇ ಬಾಗಿಲಿನಿಂದ ಹೊರಗೆ ಹೋದ ನಾನು ಒಂದೊಂದು ಜಾಲತಾಣದಲ್ಲಿ ಒಂದೊಂದು ಊರಿನ ನಿವಾಸಿ. ಕೆಲವೆಡೆ ಊರಿನ ಹೆಸರನ್ನು ಕನ್ನಡದಲ್ಲಿ ಹಾಕಿದರೆ ಸಿಗುವುದಿಲ್ಲ; ಇಂಗ್ಲಿಷಿನಲ್ಲಿ ಹಾಕಿದರೆ ದೀರ್ಘಕ್ಕೆ ಒಂದು ಅಕ್ಷರವೋ ಎರಡೋ, ಹಳ್ಳಿಗೆ ಒಂದು ಳಕಾರವೋ ಎರಡೋ ಎಂಬುದನ್ನು ನಮೂದಿಸಿದ ಗುಮಾಸ್ತರ ಅಂದಿನ ಮನಃಸ್ಥಿತಿಗೆ ಬಿಡಬೇಕು.

ಊರು ಸಣ್ಣದಾಯಿತು, ಪಟ್ಟಣಗಳ ಪಾಡಾದರೂ ಸುಖವೇ? 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಕನ್ನಡಕ್ಕೆ ತಿರುಗಿತು. ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ಸಂತೋಷ. ಆದರೆ ಹೊಸ ಹೆಸರಿನಲ್ಲಿ ಹುಡುಕಿದವನಿಗೆ ಹಳೆಯ ಕಡತ ಸಿಗಬೇಕಾದರೆ ಕಂಪ್ಯೂಟರಿಗೆ ಎರಡೂ ಒಂದೇ ಊರೆಂದು ಯಾರಾದರೂ ಹೇಳಿಕೊಡಬೇಕು. ಬೆಂಗಳೂರಿನವರ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ 198 ವಾರ್ಡುಗಳಿದ್ದವು. 2022ರಲ್ಲಿ 243 ಎಂದರು. ಮರುವರ್ಷ 225 ಎಂದರು. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ಪಾಲಿಕೆಗಳೂ ಬಂದವು. 2020ರ ಸೆಪ್ಟೆಂಬರಿನಲ್ಲಿ ಕೊನೆಯ ಕೌನ್ಸಿಲ್ಲಿನ ಅವಧಿ ಮುಗಿದ ಮೇಲೆ ಅಲ್ಲಿ ಒಬ್ಬ ಕಾರ್ಪೊರೇಟರೂ ಇಲ್ಲದೆ ವಾರ್ಡುಗಳು ಮಾತ್ರ ಹೀಗೆ ಹಿಗ್ಗುತ್ತಾ, ಕುಗ್ಗುತ್ತಾ ಇದ್ದವು. ಹಿಂದೊಮ್ಮೆ ತಮ್ಮ ಬೀದಿಗೆ ಡಾಂಬರು ಹಾಕಿದ ಲೆಕ್ಕ ಬೇಕೆಂದು ಈಗ ಕೇಳುವವರು ಯಾವ ಕಾಲದ ಯಾವ ವಾರ್ಡಿನಲ್ಲಿ ನಿಂತು ಕೇಳಬೇಕು? ಪಾಪ, ಡಾಂಬರಿಗೂ ತಾನು ಎಷ್ಟನೇ ವಾರ್ಡಿನದೆಂದು ಗೊತ್ತಿರಲಾರದು. ಅದು ಅಷ್ಟರಲ್ಲಿ ಕಿತ್ತುಹೋಗಿರುವುದರಿಂದ ತೊಂದರೆಯಿಲ್ಲ.

ಸರ್ಕಾರ ತನ್ನ ವಿಷಯವನ್ನು ಹೇಳಿಯೇ ಇಲ್ಲ ಎಂದು ನಾನು ಆರೋಪಿಸುತ್ತಿಲ್ಲ. ಹೇಳುವುದಕ್ಕೆ ಕಾನೂನಿದೆ. ದೇಶಕ್ಕೆ ಮಾಹಿತಿ ಹಕ್ಕು ಬರುವ ಐದು ವರ್ಷ ಮೊದಲೇ, 2000ದಲ್ಲಿ, ನಮ್ಮ ರಾಜ್ಯ ತನ್ನದೇ ಒಂದು ಕಾಯ್ದೆ ಮಾಡಿಕೊಂಡಿತ್ತು ಎಂಬುದನ್ನು ಹೆಮ್ಮೆಯಿಂದ ದಾಖಲಿಸುತ್ತೇನೆ. ಆಮೇಲೆ ಬಂದ 2005ರ ಕಾಯ್ದೆಯ ನಾಲ್ಕನೇ ಕಲಮು, ಯಾರೂ ಕೇಳುವ ಮೊದಲೇ ಪ್ರತಿ ಕಚೇರಿಯೂ 17 ಬಗೆಯ ಮಾಹಿತಿಯನ್ನು ತಾನಾಗಿ ಪ್ರಕಟಿಸಬೇಕು ಎನ್ನುತ್ತದೆ. ಅದಕ್ಕೆ ಕೊಟ್ಟ ಗಡುವು 120 ದಿನ. ಅಂದರೆ ಆ ವರ್ಷದ ಅಕ್ಟೋಬರಿಗೆ ಎಲ್ಲವೂ ಮುಗಿದಿರಬೇಕು. ಮುಗಿದಿದೆ ಕೂಡ. ಬಹಳ ಕಚೇರಿಗಳ ಜಾಲತಾಣದಲ್ಲಿ ‘4(1)(ಬಿ)’ ಎಂಬ ಕೊಂಡಿ ಇದೆ. ಒತ್ತಿದರೆ ಒಂದು ಪಿಡಿಎಫ್ ಇಳಿಯುತ್ತದೆ. ಅದರಲ್ಲಿ ಆಗ ಇದ್ದ ಅಧಿಕಾರಿಗಳ ಹೆಸರುಗಳು, ಅವರ ಆಗಿನ ಸಂಬಳ, ಸ್ಥಿರ ದೂರವಾಣಿಯ ನಂಬರು. ನಿವೃತ್ತರನ್ನು ಇಷ್ಟು ಕಾಲ ನೆನಪಿಟ್ಟುಕೊಳ್ಳುವ ಸಂಸ್ಕೃತಿ ಬೇರೆಲ್ಲಿದೆ?

ಆ ಪಿಡಿಎಫ್ ಎಂಬುದರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ನನ್ನ ಕಣ್ಣು ಹಾಳಾದದ್ದು ಅದರಿಂದ. ಆದೇಶವನ್ನು ಮೊದಲು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಾರೆ. ಆಮೇಲೆ ಮುದ್ರಿಸುತ್ತಾರೆ. ಸಹಿ ಹಾಕುತ್ತಾರೆ, ಮೊಹರು ಒತ್ತುತ್ತಾರೆ, ಮೊಹರು ಸರಿಯಾಗಿ ಹಣದ ಮೊತ್ತದ ಮೇಲೆಯೇ ಬೀಳುತ್ತದೆ. ಆಮೇಲೆ ಅದನ್ನು ಸ್ಕ್ಯಾನು ಮಾಡಿ ಮತ್ತೆ ಕಂಪ್ಯೂಟರಿಗೆ ಹಾಕುತ್ತಾರೆ. ಹೊರಟಲ್ಲಿಗೇ ಬಂದು ಸೇರಿತಲ್ಲ ಎನ್ನಬೇಡಿ. ಹೊರಟಾಗ ಅಕ್ಷರವಾಗಿತ್ತು, ಬರುವಾಗ ಚಿತ್ರವಾಗಿದೆ. ಅಕ್ಷರವನ್ನು ಹುಡುಕಬಹುದು, ಚಿತ್ರವನ್ನು ನೋಡಬಹುದಷ್ಟೆ. ‘ಚರಂಡಿ’ ಎಂದು ಹುಡುಕಿದರೆ ಆ ಕಡತದಲ್ಲಿ ಒಂದೂ ಚರಂಡಿ ಇಲ್ಲ. ಕಣ್ಣು ಕಿರಿದು ಮಾಡಿ ಓದಿದರೆ ಪುಟಕ್ಕೆ ಹತ್ತು ಚರಂಡಿಗಳಿವೆ.

ಚಿತ್ರವಾಗದೆ ಅಕ್ಷರವಾಗಿಯೇ ಉಳಿದ ಅದೃಷ್ಟವಂತ ಕಡತಗಳೂ ಇವೆ. ಅವುಗಳಲ್ಲಿ ಹಳೆಯವು ನುಡಿ, ಬರಹ ತಂತ್ರಾಂಶಗಳ ಹಿಂದಿನ ಫಾಂಟುಗಳಲ್ಲಿವೆ, ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ ಕಾಣುತ್ತದೆ. ಕಂಪ್ಯೂಟರಿಗೆ ಒಳಗಿರುವುದು ಕೊಂಬು, ಚುಕ್ಕಿ, ಟೋಪಿ ತೊಟ್ಟ ರೋಮನ್ ಅಕ್ಷರಗಳು. ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಯಾವುದೋ ಯೂರೋಪಿನ ರಾಜನ ಶಾಸನದ ಹಾಗೆ ಬೀಳುತ್ತದೆ. ಶಾನುಭೋಗರ ಮೋಡಿ ಅಕ್ಷರವನ್ನು ಓದಬಲ್ಲವರು ಊರಿಗೊಬ್ಬರಾದರೂ ಇದ್ದರು. ಈ ಹೊಸ ಮೋಡಿಯನ್ನು ಓದಲು ಪರಿವರ್ತಕವೆಂಬ ಇನ್ನೊಂದು ತಂತ್ರಾಂಶ ಬೇಕು. ಅದು ಅರ್ಕಾವತ್ತು ಸಿಕ್ಕಲ್ಲೆಲ್ಲ ಎಡವುತ್ತದೆ. ನೋಡಿ, ಕನ್ನಡದಲ್ಲೇ ಆಡಳಿತ ಎಂದು ನಾವು ಬೀದಿಗಿಳಿದು ಕೂಗಿದೆವು, ಅವರು ಒಪ್ಪಿ ಕನ್ನಡದಲ್ಲೇ ಬರೆದರು, ಕಂಪ್ಯೂಟರಿಗೆ ಮಾತ್ರ ತಿಳಿಸಲಿಲ್ಲ.

ಒಳ್ಳೆಯದನ್ನೂ ಹೇಳಬೇಕು, ಇಲ್ಲದಿದ್ದರೆ ತಾವು ಈ ಪತ್ರವನ್ನು ವಿರೋಧಪಕ್ಷದ್ದೆಂದು ಭಾವಿಸುತ್ತೀರಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರಿಂದ ಈಚಿನ ಋಣಭಾರ ಪತ್ರವನ್ನು ಮನೆಯಿಂದಲೇ ಪಡೆಯಬಹುದು. ಆದರೆ 2025ರ ಆರಂಭದಲ್ಲಿ ಯಾರೋ ಕಿಡಿಗೇಡಿಗಳು ಸುಳ್ಳು ಹುಡುಕಾಟಗಳ ಪ್ರವಾಹ ಹರಿಸಿ ಕಾವೇರಿಯನ್ನೇ ತಡೆದರು. ನೋಂದಣಿ ನಿಂತಿತು, ಪೊಲೀಸ್ ದೂರು ದಾಖಲಾಯಿತು. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಇಲಿ, ಗೆದ್ದಲುಗಳ ಸ್ವಾಧೀನಾನುಭವದಲ್ಲಿದ್ದ ಹಳೆಯ ಕಡತಗಳನ್ನು ಭೂಸುರಕ್ಷಾ ಯೋಜನೆಯಡಿ 2024ರಿಂದ ಸ್ಕ್ಯಾನು ಮಾಡುತ್ತಿದ್ದಾರೆ. ಇದು ದೊಡ್ಡ ಕೆಲಸ. ಕಡತ ನಾಪತ್ತೆ ಎಂಬ ಒಂದು ಉತ್ತರದಿಂದ ಈ ನಾಡಿನಲ್ಲಿ ಎಷ್ಟು ಜಮೀನು ಕೈ ಬದಲಾಯಿಸಿದೆ ಎಂಬುದು ತಮಗೆ ನಾನು ಹೇಳಬೇಕೆ?

ಗೊತ್ತಾದ ದಿನದೊಳಗೆ ಸೇವೆ ಕೊಡಬೇಕೆನ್ನುವ ಸಕಾಲವೂ ಇದೆ. 2011ರ ಕಾಯ್ದೆ, 2012ರಿಂದ ಜಾರಿ. ಅರ್ಜಿಗೆ 15 ಅಂಕಿಯ ಸಂಖ್ಯೆ ಕೊಡುತ್ತಾರೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ, ನಮಗೆ ಪರಿಹಾರ ಬರಬೇಕು. ಈ ಪರಿಹಾರ ಪಡೆದವರು ಯಾರಾದರೂ ಸಿಕ್ಕರೆ ನಾನು ಅವರ ಪಾದ ಮುಟ್ಟುವವನಿದ್ದೇನೆ.

ಮಾಹಿತಿ ಕಣಜವೆಂಬ ಜಾಲತಾಣವನ್ನು ಪ್ರತ್ಯೇಕವಾಗಿ ಹೊಗಳಬೇಕು. ರಾಜಸ್ಥಾನದವರು 2019ರಲ್ಲಿ ಜನ ಸೂಚನಾ ಪೋರ್ಟಲ್ ಮಾಡಿದ್ದನ್ನು ನೋಡಿ ನಮ್ಮವರು ಮಾಡಿದ್ದು. ಊರು ಆರಿಸಿದರೆ ಯಾರಿಗೆ ಯಾವ ಪಿಂಚಣಿ, ಯಾರ ಹೆಸರಿನಲ್ಲಿ ಪಡಿತರ ಚೀಟಿ, ಯಾರಿಗೆ ಯಾವ ಸವಲತ್ತು ಎಂಬ ಪಟ್ಟಿಗಳು ಬರುತ್ತವೆ. ಈ ವಿಚಾರದ ಬೇರು ರಾಜಸ್ಥಾನದ್ದೇ. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್‌ಕಿರಾಣಾ ಎಂಬಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಒಂದು ಜನಸುನವಾಯಿ ನಡೆಸಿದರು. ಸರ್ಕಾರಿ ಕಾಮಗಾರಿಯ ಕೂಲಿ ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರ ನಡುವೆ ಗಟ್ಟಿಯಾಗಿ ಓದಿದರು. ಯಾವ ಹೆಸರಿನವರು ಕೆಲಸವನ್ನೇ ಮಾಡಿಲ್ಲ, ಯಾವ ಕಟ್ಟಡ ಕಟ್ಟಿಯೇ ಇಲ್ಲ ಎಂಬುದನ್ನು ಹೇಳಲು ಅಲ್ಲಿ ತಜ್ಞರು ಬೇಕಾಗಿರಲಿಲ್ಲ, ಕೂತಿದ್ದವರೇ ಸಾಕ್ಷಿಗಳು. ಹೆಸರುಗಳನ್ನು ಬಹಿರಂಗ ಮಾಡಿದ್ದರಿಂದಲೇ ಕಳ್ಳತನ ಸಿಕ್ಕಿತು. ಹಾಗಾಗಿ ನನ್ನ ಹೆಸರನ್ನು ಮುಚ್ಚಿ ಎಂದು ನಾನು ಕೇಳುವವನಲ್ಲ. ಆದರೆ ಅಂದು ಓದಿದ್ದು ಕೂಲಿಯವರ ಹೆಸರಿನ ಜೊತೆಗೆ ಸಿಮೆಂಟಿನ ಚೀಲಗಳ ಲೆಕ್ಕವನ್ನೂ. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಕೂಲಿಯವರ ಹೆಸರು ಜಾಲತಾಣಕ್ಕೆ ಏರಿತು, ಸಿಮೆಂಟಿನ ಚೀಲ ಅಲ್ಮೆರಾದಲ್ಲಿ ಉಳಿಯಿತು. ವಿಧವಾ ವೇತನ ಪಡೆಯುವ ಅಜ್ಜಿಯ ಹೆಸರು ಎರಡು ಸಲ ಬೆರಳಾಡಿಸಿದರೆ ಸಿಗುತ್ತದೆ. ಚರಂಡಿಯ ಅಳತೆ ಪುಸ್ತಕಕ್ಕೆ?

ಅದಕ್ಕೂ ದಾರಿ ಇದೆ, ಮಾಹಿತಿ ಹಕ್ಕಿನ ಅರ್ಜಿ. ಈಗ ಆನ್‌ಲೈನಿನಲ್ಲೂ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಅಚ್ಚ ಸಾಹಿತ್ಯಿಕ ನಿಯಮ! ಸಂಕ್ಷಿಪ್ತತೆಯನ್ನು ಸರ್ಕಾರ ಇಷ್ಟು ಗೌರವಿಸುತ್ತದೆಂದು ಅದರ ಸುತ್ತೋಲೆಗಳನ್ನು ಓದಿ ಯಾರೂ ಊಹಿಸಲಾರರು. ಪುಣ್ಯಕ್ಕೆ ನಮ್ಮದು ಪದಕ್ಕೆ ಪದ ಬೆಸೆಯುವ ಭಾಷೆ. ‘ಅಳತೆಪುಸ್ತಕದಲ್ಲಿಬರೆದಿರುವುದೆಲ್ಲವನ್ನೂ’ ಎಂದು ಒಂದೇ ಉಸಿರಿನಲ್ಲಿ ಬರೆದರೆ ಒಂದೇ ಪದ. ಇಂಗ್ಲಿಷಿನಲ್ಲಿ ಅರ್ಜಿ ಹಾಕುವವರ ಬಗ್ಗೆ ನನಗೆ ಮರುಕವಿದೆ.

ಈಚೆಗೆ ಇನ್ನೊಂದು ಅನುಕೂಲವಾಗಿದೆ, ನಮಗಲ್ಲ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನಲ್ಲಿ ಖಾಸಗಿ ಮಾಹಿತಿಯನ್ನು ನಿರಾಕರಿಸಲು ಅವಕಾಶ ಮೊದಲೇ ಇತ್ತು, ಆದರೆ ಷರತ್ತುಗಳಿದ್ದವು: ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ್ದಾಗಿರಬೇಕು, ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬೇಕು, ಸಂಸತ್ತಿಗೋ ಶಾಸನಸಭೆಗೋ ನಿರಾಕರಿಸಲಾಗದ್ದನ್ನು ನಾಗರಿಕನಿಗೂ ನಿರಾಕರಿಸುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಷರತ್ತುಗಳನ್ನೆಲ್ಲ ಅಲ್ಲಿಂದ ತೆಗೆದು, ವೈಯಕ್ತಿಕ ಮಾಹಿತಿಯಾದರೆ ಕೊಡಬೇಕಿಲ್ಲ ಎಂದಷ್ಟೇ ಉಳಿಸಿತು. 2025ರ ನವೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೂ ಬಂತು. ಸಾರ್ವಜನಿಕ ಹಿತದ ಮಾತು ಇನ್ನೊಂದು ಉಪಕಲಮಿನಲ್ಲಿ ಉಳಿದಿದೆ, ಎಂದು ವಕೀಲರು ಸಮಾಧಾನ ಹೇಳುತ್ತಾರೆ. ಗುತ್ತಿಗೆದಾರನ ಹೆಸರೂ ವೈಯಕ್ತಿಕವೇ, ಸಹಿ ಹಾಕಿದ ಎಂಜಿನಿಯರನ ಹೆಸರೂ ವೈಯಕ್ತಿಕವೇ ಎಂದು ಇನ್ನುಮುಂದೆ ಒಬ್ಬ ಮಾಹಿತಿ ಅಧಿಕಾರಿ ಬರೆದರೆ, ಅದನ್ನು ಪ್ರಶ್ನಿಸಲು ಮೇಲ್ಮನವಿ, ಆಮೇಲೆ ಆಯೋಗ. ಇತ್ತ ನನ್ನ ಸಾಲದ ಮೊತ್ತ, ನನ್ನ ತಂದೆಯ ಹೆಸರು, ಅಣ್ಣತಮ್ಮಂದಿರ ಪಾಲು ತಮ್ಮ ಪಕ್ಕದ ಪೆಟ್ಟಿಗೆಯಲ್ಲಿ ಎಂದಿನಂತೆ ಬಿಸಿಲಿಗೆ ಹರಡಿಕೊಂಡಿವೆ. ನಾನು ಬಹುಶಃ ವೈಯಕ್ತಿಕ ವ್ಯಕ್ತಿಯಲ್ಲ.

ಆದ್ದರಿಂದ, ಮಾನ್ಯ ನಕ್ಷತ್ರದವರೇ, ತಾವು ಕಂದಾಯ ಇಲಾಖೆಯಲ್ಲಿ ಸಾಕಷ್ಟು ಸೇವೆ ಸಲ್ಲಿಸಿದ್ದೀರಿ. ಇನ್ನು ಎರವಲು ಸೇವೆಯ ಮೇಲಾದರೂ ಕಾಮಗಾರಿಗಳ ಕಡೆ ಬರಬೇಕು. ರೈತನ ಪಹಣಿಗೆ ನಮೂನೆ 16 ಇರುವಂತೆ ಒಂದೊಂದು ಚರಂಡಿಗೂ ರಸ್ತೆಗೂ ಒಂದು ಪಹಣಿ ಬರಲಿ. ಒಂಬತ್ತನೇ ಕಾಲಮ್ಮಿನಲ್ಲಿ ಗುತ್ತಿಗೆದಾರನ ಹೆಸರು. ಹತ್ತರಲ್ಲಿ ಆ ಕೆಲಸ ಅವನಿಗೆ ಬಂದ ಬಗೆ: ಟೆಂಡರೋ, ತುಂಡು ಗುತ್ತಿಗೆಯೋ, ಪೌತಿಯೋ. ಹನ್ನೊಂದರಲ್ಲಿ ಬಿಲ್ಲು, ಹನ್ನೆರಡರಲ್ಲಿ ನಿಜಕ್ಕೂ ಬೆಳೆದದ್ದು ಎಷ್ಟು ಮೀಟರು. ಖರಾಬು ಎಷ್ಟೆಂಬುದನ್ನು ಪ್ರತ್ಯೇಕವಾಗಿ ತೋರಿಸಬೇಕು. ಊರು ಯಾವುದೆಂದು ಒಂದೇ ಸಲ ಕೇಳಲಿ, ಕನ್ನಡದಲ್ಲಿ ಕೇಳಲಿ, ಕನ್ನಡದಲ್ಲಿ ಹೇಳಿದರೆ ಅರ್ಥ ಮಾಡಿಕೊಳ್ಳಲಿ. ನಡುವಿನ ಪೆಟ್ಟಿಗೆಯಲ್ಲಿ ತಾವು ಬಂದು ಕೂತರೆ ಸಾಕು, ಏನೂ ಮಾಡಬೇಕಾಗಿಲ್ಲ. ಈಗಲೂ ಏನೂ ಮಾಡುತ್ತಿಲ್ಲವೆಂದು ನನ್ನ ಅನುಮಾನ.

ಇದಕ್ಕೆ ತಂತ್ರಜ್ಞಾನ ಸಾಲದು, ಸಿಬ್ಬಂದಿ ಸಾಲದು ಎಂಬ ಉತ್ತರ ಬರಬಹುದು. 2 ಕೋಟಿ ಪಹಣಿಗಳನ್ನು ಇಪ್ಪತ್ತೈದು ವರ್ಷದ ಹಿಂದೆ, ಇಂದಿನ ಒಂದು ಮೊಬೈಲಿಗಿಂತ ಬಡವಾದ ಕಂಪ್ಯೂಟರುಗಳಲ್ಲಿ ಏರಿಸಿದವರು ಇದೇ ಸರ್ಕಾರದವರು. ನಮ್ಮ ಗ್ರಾಮ ಪಂಚಾಯಿತಿಗಳು ಸುಮಾರು 6 ಸಾವಿರ. ಒಂದೊಂದರಲ್ಲಿ ವರ್ಷಕ್ಕೆ ಎಷ್ಟು ಕಾಮಗಾರಿ ಆದೀತು? ಲೆಕ್ಕ ಹಾಕಿ ಹೇಳುತ್ತಿದ್ದೆ, ಆದರೆ ಆ ಅಂಕಿ ಸಿಗುವ ಪುಟ ಈಗ ತೆರೆಯುತ್ತಿಲ್ಲ.

ಮೇಲಿನ ವಿಷಯವನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸೂಕ್ತ ಕ್ರಮ ಕೈಗೊಂಡು, ಕೈಗೊಂಡ ಕ್ರಮದ ಬಗ್ಗೆ ಹಿಂಬರಹ ನೀಡಬೇಕಾಗಿ ಕೋರುತ್ತೇನೆ.

ತಮ್ಮ ವಿಧೇಯ,
(ಸಹಿಯ ಮೇಲೆ ಮೊಹರು ಬಿದ್ದಿರುವುದರಿಂದ ಹೆಸರು ಕಾಣುತ್ತಿಲ್ಲ. ಸರ್ವೆ ನಂಬರ್ ಹಾಕಿ ನೋಡಿಕೊಳ್ಳುವುದು.)

ಪ್ರತಿಗಳು:
ಗುತ್ತಿಗೆದಾರರಿಗೆ, ಮಾಹಿತಿಗಾಗಿ.
ಮಾಹಿತಿ ಅಧಿಕಾರಿಗಳಿಗೆ, ನಿರಾಕರಣೆಗಾಗಿ.
ಕಚೇರಿ ಪ್ರತಿ, ನಾಪತ್ತೆಗಾಗಿ.

ಲಗತ್ತುಗಳು: ಆಧಾರ್ ಪ್ರತಿ, ಪಡಿತರ ಚೀಟಿ ಪ್ರತಿ, ಪಾಸ್‌ಪೋರ್ಟ್ ಅಳತೆಯ ಎರಡು ಭಾವಚಿತ್ರ, ಚಾಲ್ತಿ ವರ್ಷದ ಪಹಣಿ. ಇವುಗಳಲ್ಲಿ ಯಾವುದನ್ನೂ ಈ ಪತ್ರಕ್ಕೆ ಯಾರೂ ಕೇಳಿಲ್ಲ. ಯಾವುದಕ್ಕೂ ಇರಲಿ ಎಂದು ಇಟ್ಟಿದ್ದೇನೆ.